ಬೋರಲಿಂಗಣ್ಣನ ಬಾಗಿಲು

ದೀಪ ಹಚ್ಚುವ ಹೊತ್ತಿಗೆ ನಮ್ಮೂರ ಕೆರೆಯಿಂದ ಮಂಜು ಏಳುತ್ತದೆ. ಎದ್ದ ಮೇಲೆ ಎದುರಿಗೆ ನಿಂತವರ ಮೂಗೂ ಕಾಣುವುದಿಲ್ಲ. ಆಗ ಗಂಟೆಮನೆಯಿಂದ ಒಬ್ಬೊಬ್ಬರದೇ ಸ್ವರ ಹೊಡೆಯುತ್ತದೆ. ಯಾರ ಸ್ವರವೋ ಅವರ ಮುಂದೆ ಮಂಜು ಬೈತಲೆ ತೆಗೆದ ಹಾಗೆ ಸೀಳಿಕೊಂಡು ಮನೆ ಬಾಗಿಲ ತನಕ ಹಾದಿ ಬಿಡುತ್ತದೆ. ಹಾದಿ ಅವರೊಬ್ಬರಿಗೇ, ಜೊತೆಗೆ ಬರುತ್ತೇನೆಂದು ಹೊರಟ ಗೆಳೆಯನಿಗೆ ಅದು ಗೋಡೆ. ಹಿಂದಕ್ಕೆ ತಿರುಗಿದರೆ ಮುಚ್ಚಿಹೋಗುತ್ತದೆ. ಇದರೊಳಗೇ ನಾವು ಮದುವೆ ಮಾಡಿದ್ದೇವೆ, ಮಕ್ಕಳನ್ನು ಹೆತ್ತಿದ್ದೇವೆ, ಜಗಳವನ್ನೂ ಆಡಿದ್ದೇವೆ.

ನೆಂಟರು ಬಂದರೆ ಮಧ್ಯಾಹ್ನದೊಳಗೆ ಗಂಟೆಮನೆಗೆ ಕರೆತರಬೇಕು. ಅವರವರ ಸ್ವರವನ್ನು ಅವರವರೇ ಗುನುಗಿ, ಇಂಥ ಬಾಗಿಲು ಎಂದು ಬಾಯಿಬಿಟ್ಟು ಹೇಳಬೇಕು. ಬೇರೆಯವರು ಹೇಳಿದರೆ ಮಂಜು ಒಪ್ಪುವುದಿಲ್ಲ. ಹಸುಗೂಸುಗಳನ್ನು ನಾಮಕರಣದ ದಿನ ಎತ್ತಿಕೊಂಡು ಬರುತ್ತಾರೆ; ಕೂಸು ಅತ್ತ ಮೊದಲ ಸ್ವರವೇ ಅದರ ಸ್ವರ, ಎತ್ತಿಕೊಂಡವರ ಬಾಗಿಲೇ ಅದರ ಬಾಗಿಲು. ಮೈದುನನನ್ನು ಗಂಟೆಮನೆಗೆ ಕರೆತರದೆ, ಸಂಜೆ ಅವನು ಬಸ್‌ಸ್ಟ್ಯಾಂಡಿನಲ್ಲೇ ಬೆಳಗಾಗುವ ತನಕ ಕೂತ ಮೇಲೆ, "ಅಯ್ಯೋ, ಮರ್ತೇ ಹೋಯ್ತು ಕಣ್ರೀ" ಎಂದು ಗಲ್ಲ ಬಡಿದುಕೊಂಡ ಹೆಂಗಸರೂ ಇದ್ದಾರೆ.

ಒಮ್ಮೊಮ್ಮೆ ಮಂಜು ಒಬ್ಬರನ್ನು ಇನ್ಯಾರದೋ ಬಾಗಿಲಿಗೆ ತಂದು ನಿಲ್ಲಿಸುವುದುಂಟು. ಅಂಥವರನ್ನು ಮಂಜು ತಂದವರು ಎನ್ನುತ್ತೇವೆ. ಅವರನ್ನು ಯಾಕೆ ಬಂದಿರಿ ಎಂದು ಕೇಳುವ ಹಾಗಿಲ್ಲ, ಅವರು ಏನನ್ನೂ ಹೊತ್ತು ತರುವ ಹಾಗಿಲ್ಲ. ಬಡಿಸಬೇಕು, ಚಾಪೆ ಕೊಡಬೇಕು, ಬೆಳಗ್ಗೆ ಅವರ ಪಾಡಿಗೆ ಅವರು ಹೋಗಬೇಕು.

ನಾನು ಗಂಟೆಮನೆಯವಳು. ಗಂಟೆಯನ್ನು ಹೊಡೆಯುವುದು ಸುತ್ತಿಗೆ, ಸುತ್ತಿಗೆಯನ್ನು ಎತ್ತುವುದು ಯಂತ್ರ, ಯಾವಾಗ ಎತ್ತಬೇಕೆಂದು ಯಂತ್ರಕ್ಕೆ ಹೇಳುವುದು ಒಂದು ಪ್ರೋಗ್ರಾಂ. ಅದಕ್ಕೆ ಡ್ರೈವರ್ ಎಂದು ಹೆಸರು. ಊರಿನವರು ಒಳಗೆ ಯಾರೋ ಒಬ್ಬ ಗಂಡಸು ಕೂತಿದ್ದಾನೆಂದೇ ನಂಬಿದ್ದಾರೆ. "ನೀಲಕ್ಕ, ನಿನ್ನೆ ನಿನ್ ಡ್ರೈವರ್‌ಗೆ ಏನ್ ಆತ್ರವಿತ್ತೆ? ನಮ್ಮತ್ತೆ ಇನ್ನೂ ಕಾಫಿ ಕುಡೀತಿದ್ರು, ಹೊಡೆದೇಬಿಟ್ಟ" ಎನ್ನುತ್ತಾರೆ. ಒಂದು ಹಬ್ಬಕ್ಕೆ ಅವನ ಹೆಸರಿನಲ್ಲಿ ಹೋಳಿಗೆಯೂ ಬಂತು. ನಾನೇ ತಿಂದೆ.

ಆ ಡ್ರೈವರನ್ನು ಸಿ ಭಾಷೆಯಲ್ಲಿ ಬರೆದವರು ಪದ್ಮಾವತಮ್ಮ. ಈಗಿಲ್ಲ. ನಾನು ಟೈಪಿಂಗ್ ಕಲಿತು ಕೆಲಸಕ್ಕೆ ಸೇರಿದವಳು. ಸಿ ಭಾಷೆ ಬಂದದ್ದು ಅವರ ಪಕ್ಕ ಕೂತು, ಬೈಸಿಕೊಂಡು, ತಪ್ಪು ಮಾಡಿ, ಮತ್ತೆ ಬೈಸಿಕೊಂಡು. ಅವರ ಲೆಕ್ಕದಲ್ಲಿ ಒಂದೊಂದು ಮನೆಯೂ ಒಂದೊಂದು ಕಟ್ಟು. ಕಟ್ಟಿನ ಮೊದಲಿಗೆ ಮನೆಯ ಬಾಗಿಲು, ಆಮೇಲೆ ಆ ಮನೆಯ ಜನ ಸಾಲಾಗಿ, ತಮ್ಮ ತಮ್ಮ ಸ್ವರ, ಬಾಗಿಲುಗಳೊಡನೆ. ಆ ಸಾಲಿಗೆ ಅರೇ ಎನ್ನುತ್ತಾರೆ. ಸಾಲಿನಲ್ಲಿ ಎಷ್ಟು ಜಾಗ ಎಂಬುದನ್ನು ಚೌಕ ಆವರಣದೊಳಗೆ ಬರೆಯಬೇಕು. ಎಷ್ಟು ಜನ ಬರುತ್ತಾರೋ ಯಾರಿಗೆ ಗೊತ್ತು? ಆವರಣವನ್ನು ಖಾಲಿ ಬಿಡಲು ನಾವು ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ತಿರುಗಿಸುವ ಆ ಕಾಲದ ಕಂಪೈಲರ್ ಬಿಡುತ್ತಿರಲಿಲ್ಲ. ಹಾಗಾಗಿ ಪದ್ಮಾವತಮ್ಮ ಎಲ್ಲ ಮನೆಗೂ ಒಂದು ಎಂದು ಬರೆದರು. ಒಂದು ಎಂದರೆ ಒಬ್ಬರಂತೂ ಇದ್ದಾರೆ, ಮಿಕ್ಕವರನ್ನು ಬಂದ ಹಾಗೆ ನೋಡಿಕೊಳ್ಳೋಣ ಎಂದು. ಆಗ ಎಲ್ಲರೂ ಹಾಗೇ ಬರೆಯುತ್ತಿದ್ದರು. ತಪ್ಪೇನಲ್ಲ.

ತಪ್ಪಾದದ್ದು ಆಮೇಲೆ. ಮನೆಗೆ ಹೊಸಬರು ಬಂದಾಗ ಮೊದಲು ಜಾಗ ದೊಡ್ಡದು ಮಾಡಿ ಆಮೇಲೆ ಕೂರಿಸಬೇಕು. ಕೆಲವು ಕಡೆ ಜಾಗ ದೊಡ್ಡದಾಗದೆಯೇ ಕೂರಿಸಿದ್ದಾಯಿತು. ಹಾಗೆ ಕೂತವರು ಮುಂದಿನ ಮನೆಯ ಕಟ್ಟಿನ ಮೇಲೆ ಕೂತರು. ಡ್ರೈವರ್ ಏನೂ ಹೇಳಲಿಲ್ಲ. ಆವರಣದೊಳಗೆ ಒಂದು ಎಂದಿದ್ದರೂ ಒಳಗೆ ಹತ್ತು ಜನರಿರಬಹುದು ಎಂದು ಅದಕ್ಕೆ ನಾವೇ ಹೇಳಿಕೊಟ್ಟಿದ್ದೆವಲ್ಲ. ಯಾರು ಮೀರಿದರು ಎಂದು ಅದು ಹೇಗೆ ಹೇಳೀತು?

ಇದು ಬಯಲಾದದ್ದು ಮುದ್ದಮ್ಮನಿಂದ. ನೇಕಾರರ ಕೇರಿಯಲ್ಲಿ ಒಂದು ಮನೆಗೆ ಹೊಸ ಸೊಸೆ ಬಂದಳು. ಡ್ರೈವರಿನ ಲೆಕ್ಕದಲ್ಲಿ ಆ ಹುಡುಗಿ ಹೋಗಿ ಮುಂದಿನ ಕಟ್ಟಿನ ಮುದ್ದಮ್ಮನ ಬಾಗಿಲಿನ ಮೇಲೆ ಅಡ್ಡಡ್ಡ ಕೂತಳು. ಅರ್ಧ ಅಳಿಸಿದ ಬಾಗಿಲನ್ನು ಹುಡುಕಿಕೊಂಡು ಹಾದಿ ನೇರ ಕೆರೆಗೆ ಇಳಿಯಿತು. ಮುದ್ದಮ್ಮನೂ ಅದರ ಹಿಂದೆಯೇ ಇಳಿದಳು.

"ಕಾಲು ತಣ್ಣಗಾಯ್ತು. ನಮ್ ಬಚ್ಚಲು ಅಂದ್ಕೊಂಡೆ ಕಣೆ ನೀಲ," ಎಂದಳು ಮಾರನೆಯ ದಿನ. "ಮೊಣಕಾಲಿಗೆ ಬಂತು ನೀರು. ನಮ್ ಸೊಸೆ ಮುಂಡೇದು ಬಚ್ಚಲ ತೂತು ಕಟ್ಸಿಬಿಟ್ಟವಳೆ ಅಂತ ಬೈಕೊಂಡೇ ಇನ್ನೊಂದ್ ಹೆಜ್ಜೆ ಇಟ್ಟೆ. ಅಷ್ಟ್ರಲ್ಲಿ ಕಪ್ಪೆ ವಟಗುಟ್ತು. ನಮ್ ಬಚ್ಚಲಾಗೆ ಕಪ್ಪೆ ಎಲ್ಲಿಂದ ಬರ್ಬೇಕು? ಅಲ್ಲೇ ನಿಂತೆ ನೋಡು, ಬೆಳಗಾಗೋಗಂಟ."

ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಆ ದಿನವೇ ನಿರ್ಧಾರ ಮಾಡಿದೆ: ಎಲ್ಲ ಮನೆಗಳ ಅರೇಯನ್ನೂ ಹೊಸ ರೀತಿಯಲ್ಲಿ ಬರೆಯಬೇಕು. ಈಗಿನ ಕಂಪೈಲರ್ ಖಾಲಿ ಆವರಣವನ್ನು ಒಪ್ಪುತ್ತದೆ. ಖಾಲಿ ಬಿಟ್ಟು, ಪಕ್ಕದಲ್ಲೇ ಈ ಮನೆಗೆ ಇಷ್ಟು ಜನ ಎಂದು ಎಣಿಕೆ ಕಟ್ಟಿಹಾಕಿದರೆ ಸಾಕು. ಎಣಿಕೆ ಮೀರಿ ಯಾರಾದರೂ ಕೂರಲು ಹೋದರೆ ಡ್ರೈವರ್ ಅಲ್ಲೇ ನಿಂತು ಕೂಗಿಕೊಳ್ಳುತ್ತದೆ, ಪಕ್ಕದವರನ್ನು ತುಳಿಯುವುದಿಲ್ಲ. ಆದರೆ ಎಣಿಕೆ ಮೊದಲು, ಕೂರಿಸುವುದು ಆಮೇಲೆ. ಪಂಕ್ತಿಗೆ ಎಲೆ ಹಾಕಿದ ಹಾಗೆ.

ಸುಲಭದ ಕೆಲಸವೆಂದುಕೊಂಡೆ. ಆವರಣದೊಳಗಿನ ಒಂದನ್ನು ಅಳಿಸುತ್ತಾ ಹೋದೆ. ಗಂಟೆಗಳಿಗೆ ಬಟ್ಟೆ ಸುತ್ತಿ ಹಗಲಲ್ಲೇ ಒಮ್ಮೆ ಪರೀಕ್ಷೆಗೆಂದು ಹೊಡೆಸಿದೆ. ಪ್ರತಿ ಮನೆಯಲ್ಲೂ ಕೊನೆಯವರ ಸ್ವರ ನಾಪತ್ತೆ! ಕೊನೆಯವರೆಂದರೆ ಬಹುಪಾಲು ಚಿಕ್ಕ ಮಕ್ಕಳು. ಬಟ್ಟೆಯೊಳಗಿಂದ ಮಂದವಾಗಿ ಬಂದ ಸದ್ದಿಗೇ ಕಿವಿಗೊಟ್ಟು, ಗಂಟೆಮನೆ ಮುಂದೆ ಅವುಗಳ ಹಿಂಡೇ ಸೇರಿತು. "ನಮ್ಮನ್ ಕರೀಲಿಲ್ಲ, ನಾವ್ ಮನೆಗ್ ಹೋಗಲ್ಲ!" ಎಂದು ಕುಣಿದವು. ಪದ್ಮಾವತಮ್ಮ ಜಾಗ ತೆಗೆದುಕೊಳ್ಳುವ ಕಡೆಯಲ್ಲೆಲ್ಲ ಜನರ ಲೆಕ್ಕದಿಂದ ಒಂದನ್ನು ಕಳೆದಿದ್ದರು. ಆವರಣದೊಳಗೆ ಆಗಲೇ ಒಬ್ಬರಿಗೆ ಜಾಗವಿತ್ತಲ್ಲ, ಅದಕ್ಕೆ. ನಾನು ಆ ಒಂದನ್ನು ತೆಗೆದೆ, ಕಳೆಯುವುದನ್ನು ಹಾಗೇ ಬಿಟ್ಟೆ. ಎಲ್ಲ ಮನೆಗೂ ಒಂದು ಎಲೆ ಕಡಿಮೆ ಬಿತ್ತು. ಅಂಥ ಕಡೆಗಳನ್ನೆಲ್ಲ ಒಂದೊಂದಾಗಿ ಹುಡುಕಿ ಸರಿಮಾಡಲು ಕೂತೆ.

ಹಾಗೆ ಹುಡುಕುವಾಗಲೇ ಬೋರಲಿಂಗಣ್ಣನ ಬಾಗಿಲು ಸಿಕ್ಕಿದ್ದು.

ಬೋರಲಿಂಗಣ್ಣ ಪೇಟೆಯಲ್ಲಿ ಕುಕ್ಕರ್, ಸ್ಟೌ ರಿಪೇರಿ ಮಾಡುವವನು. ಮದುವೆ ಆಗಿಲ್ಲ. ಯಾಕೆಂದು ಕೇಳಿದರೆ "ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ" ಎನ್ನುತ್ತಾನೆ. ಅವನ ಮನೆ ಊರ ಪಶ್ಚಿಮಕ್ಕೆ, ಗೋದಾಮುಗಳ ಹಿಂದೆ. ಅವನ ಕಟ್ಟಿನಲ್ಲಿ ಬಾಗಿಲಿರಬೇಕಾದ ಜಾಗದಲ್ಲಿ ಬಾಗಿಲು ಇರಲಿಲ್ಲ. ಅಲ್ಲಿ ಒಂದು ಮಗು ಕೂತಿತ್ತು. ಪೂರ್ವದಿಕ್ಕಿನ ಕರಿಯಣ್ಣ, ಚಿಕ್ಕತಾಯಮ್ಮ ದಂಪತಿಗಳ ಮಗಳು ತುಂಗೆ. ಊರಲ್ಲಿ ದೂರವಾದರೂ ಯಂತ್ರದ ಮೆಮರಿಯಲ್ಲಿ ಅವರದು ಹಿಂದುಮುಂದಿನ ಮನೆ. ತುಂಗೆ ಹುಟ್ಟಿದಾಗ ಜಾಗ ದೊಡ್ಡದು ಮಾಡದೆ ಕೂರಿಸಿದ್ದರು. ಅವಳ ಸ್ವರ, ಅವಳ ಬಾಗಿಲು ಎರಡೂ ಬೋರಲಿಂಗಣ್ಣನ ಬಾಗಿಲ ಮೇಲೆ ಬಿದ್ದವು. ಅಂದರೆ ಆ ಮಗುವಿನ ನಾಮಕರಣದ ಸಂಜೆಯಿಂದ ಮಂಜು ಅವನನ್ನು ದಿನಾ ಚಿಕ್ಕತಾಯಮ್ಮನ ಬಾಗಿಲಿಗೇ ತಂದು ನಿಲ್ಲಿಸುತ್ತಿದೆ. ತುಂಗೆ ಈಗ ಸ್ಲೇಟು ಹಿಡಿದು ಸ್ಕೂಲಿಗೆ ಹೋಗುತ್ತಾಳೆ!

ಇದೊಂದನ್ನು ಹೀಗೇ ಬಿಟ್ಟುಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಯಾರಿಗೇನು ನಷ್ಟ? ಆದರೆ ಚಿಕ್ಕತಾಯಮ್ಮ ಮತ್ತೆ ಬಸುರಿ, ದಿನ ತುಂಬುತ್ತಾ ಬಂದಿತ್ತು. ಈ ಸಲದ ಕೂಸು ತುಂಗೆಯ ಪಕ್ಕ ಕೂರುತ್ತದೆ. ತುಂಗೆಯ ಪಕ್ಕದಲ್ಲಿರುವುದು ಬೋರಲಿಂಗಣ್ಣನ ಸ್ವರ. ಅದು ಅಳಿಸಿಹೋದರೆ ಅವನಿಗೆ ಗಂಟೆಯೇ ಹೊಡೆಯುವುದಿಲ್ಲ, ಹಾದಿಯೇ ಇಲ್ಲ. ಸರಿಮಾಡಲೇಬೇಕಿತ್ತು. ಸರಿಮಾಡಿದರೆ ಅವನು ಗೋದಾಮುಗಳ ಹಿಂದಿನ ಆ ಬೀಗ ಹಾಕಿದ ಮನೆಗೆ ಹೋಗಬೇಕಿತ್ತು.

ಅಡುಗೆಮನೆಯಿಂದ ಕುಕ್ಕರನ್ನು ಎತ್ತಿಕೊಂಡು ಅವನ ಅಂಗಡಿಗೆ ಹೋದೆ. ಅವನು ಮುಚ್ಚಳ ತಿರುಗಿಸಿ ನೋಡಿದ, ಸೀಟಿಯನ್ನು ಊದಿ ನೋಡಿದ.

"ಬೋರಲಿಂಗಣ್ಣ, ಸಂಜೆ ಮಂಜು ನಿನ್ನ ಎಲ್ಲಿಗೆ ಕರ್ಕೊಂಡು ಹೋಗುತ್ತೆ?"

"ಮನೆಗೆ."

"ಯಾವ ಮನೆಗೆ?"

ಅವನು ಕುಕ್ಕರನ್ನು ಕೆಳಗಿಟ್ಟ. "ನೀಲವ್ವ, ಗ್ಯಾಸ್ಕೆಟ್ಟೂ ಸರಿಯಾಗೈತೆ, ಸೀಟಿನೂ ಸರಿಯಾಗೈತೆ. ಕೆಡದೇ ಇರೋದನ್ನ ಹೊತ್ಕೊಂಡ್ ಬಂದಿದೀಯ ಅಂದ್ರೆ ನೀನು ಎಲ್ಲಾ ತಿಳ್ಕೊಂಡೇ ಬಂದಿದೀಯ."

ಹೇಳಿದೆ. ತುಂಗೆಯ ವಿಷಯ, ಹುಟ್ಟಲಿರುವ ಕೂಸಿನ ವಿಷಯ, ಎಲ್ಲ. ಅವನು ಕೈಯಲ್ಲಿದ್ದ ಚಿಂದಿಯಿಂದ ಒರೆಸಿದ ಬೆರಳನ್ನೇ ಮತ್ತೆ ಒರೆಸುತ್ತಿದ್ದ.

"ಮೊದಲ್ನೇ ಸಂಜೆ ನಾನೂ ಗಾಬರಿಯಾದೆ ಕಣವ್ವ. ಮಾರನೇ ದಿನವೇ ಪದ್ಮಾವತಮ್ಮೋರ್ ಹತ್ರ ಬಂದು ಹೇಳ್ದೆ. ನೋಡ್ತೀನಿ ಅಂದ್ರು. ಒಂದಷ್ಟು ದಿನ ಆದ್ಮೇಲೆ ಸಂತೇಲಿ ಸಿಕ್ಕಿ, ಸರಿಹೋಯ್ತಾ ಬೋರಲಿಂಗ ಅಂದ್ರು."

"ನೀನೇನಂದೆ?"

"ಸರಿಹೋಯ್ತು ಅಂದೆ."

"ಸುಳ್ಳು!"

"ಅವತ್ತು ಆ ತಾಯಿ ಬಸ್ಸಾರು ಮಾಡ್ತೀನಿ ಅಂದಿತ್ತು." ನಕ್ಕ, ಆಮೇಲೆ ನಗುವುದನ್ನು ಬಿಟ್ಟ. "ತಪ್ಪಿನಿಂದ ಬಂದ ಊಟಕ್ಕೆ ಯಾರ ಹಂಗೂ ಇಲ್ಲ ಕಣವ್ವ. ಮಂಜು ತಂತು, ಅವರು ಬಡಿಸಿದ್ರು, ನಾನು ಉಂಡೆ. ಮಂಜು ತಂದೋರ್ನ ಆಚೆ ತಳ್ಳಂಗಿಲ್ಲ, ಅದಕ್ಕೆ ಸಹಿಸ್ಕೊಂಡವ್ರೆ. ನಾಳೆ ಹಾದಿ ಸರಿಯಾದ್ಮೇಲೂ ನಾನು ಅಲ್ಲೇ ಹೋಗಿ ನಿಂತ್ರೆ, ಕರೀದೇ ಬಂದೋನಾಗಲ್ವಾ?"

"ಗಂಟೆಮನೆಗೆ ಬಂದು ಅವರ ಬಾಗಿಲು ಅಂತ ಒಂದು ಮಾತು ಹೇಳು. ನಾನು ಹಾಕ್ತೀನಿ."

"ಯಾವ ಬಾಯಲ್ಲಿ ಹೇಳ್ಲಿ? ನನಗೂ ಒಂದು ಬಾಗಿಲೈತೆ. ಅದನ್ನೇ ಹಾಕು." ಕುಕ್ಕರನ್ನು ನನ್ನ ಕೈಗೆ ಕೊಟ್ಟ. ರಿಪೇರಿ ಕಾಸು ಬೇಡವೆಂದ. ಏನು ರಿಪೇರಿ ಮಾಡಿದ್ದ, ಬೇಡವೆನ್ನಲು?

ಎಣಿಕೆಯ ದಿನ ಬಂತು. ಮನೆಗೊಬ್ಬರು ಬಂದು ತಮ್ಮ ಮನೆಗೆ ಎಷ್ಟು ಜನ ಎಂದು ಹೇಳಬೇಕು. ಗಂಟೆಮನೆ ಮುಂದೆ ಸಂತೆಯೇ ನೆರೆಯಿತು. ಒಬ್ಬ ಯಜಮಾನರು ಹಸುವನ್ನೂ ಸೇರಿಸಿ ಹೇಳಿದರು. "ಹಸು ಹಾದಿ ಅದೇ ಕಂಡ್ಕೊಳುತ್ತೆ ಮಾವಯ್ಯ" ಎಂದರೆ "ನಮ್ ಮಗನಿಗಿಂತ ಅದಕ್ಕೇ ಜಾಸ್ತಿ ಬುದ್ಧಿ, ಅದನ್ನ ಹೆಂಗವ್ವ ಬಿಡ್ಲಿ?" ಎಂದು ವಾದಕ್ಕೆ ನಿಂತರು. ಮುದ್ದಮ್ಮ ಬಂದು ಎಣಿಕೆ ಹೇಳಿ, "ಈ ಸಲ ಕಪ್ಪೆ ಇಲ್ದಿರೋ ಕಡೆ ಬಿಡಿಸೆ" ಎಂದು ಹೋದಳು.

ಚಿಕ್ಕತಾಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನಕ್ಕೆ ಬಂದಳು. ಕುರ್ಚಿ ಕೊಟ್ಟೆ.

"ಎಷ್ಟು ಜನ?"

"ನಾಲ್ಕು ಬರ್ಕೊ."

"ನೀನು, ನಿಮ್ಮೆಜಮಾನ್ರು, ತುಂಗೆ. ಹೊಟ್ಟೇಲಿರೋದನ್ನ ಹುಟ್ಟಿದ ಮೇಲೆ ಸೇರಿಸೋದು ಚಿಕ್ಕತಾಯಿ."

"ಹೊಟ್ಟೇಲಿರೋದನ್ನ ನಾನೆಲ್ಲಿ ಹೇಳ್ದೆ? ನಮ್ ಬೋರಲಿಂಗಣ್ಣ ಇಲ್ವಾ?"

ನನ್ನ ಕೈ ಕೀಲಿಮಣೆಯ ಮೇಲೆ ನಿಂತಿತು. "ಅವನು ತನ್ನ ಮನೆ ಬಾಗಿಲನ್ನೇ ಹೇಳಿದಾನೆ."

"ಅದೆಂಗಾಯ್ತದೆ? ಇಷ್ಟು ವರ್ಷ ನಮ್ ಬಾಗ್ಲನ್ನೇ ಬರೆಸಿದ್ದೋರಿಗೆ ಈಗೇನ್ ಬಂತು?" ಎಂದು ತಟ್ಟನೆ ನನ್ನ ಮುಖ ನೋಡಿದಳು. "ಮೊನ್ನೆ ಇವರು ಸಾರಿಗೆ ಉಪ್ಪು ಕಮ್ಮಿ ಅಂತ ರೇಗಿದ್ರು, ಅದನ್ನ ತಮಗೇ ಅಂದ್ರು ಅಂತ ತಿಳ್ಕೊಂಡ್ರಾ?"

ಅವಳಿಗೆ ಗೊತ್ತೇ ಇರಲಿಲ್ಲ. ಅವನು ತಾನಾಗಿ ಬಂದು ತಮ್ಮ ಬಾಗಿಲನ್ನು ಬರೆಸಿದ್ದಾನೆಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಅವರು ಸಹಿಸಿಕೊಂಡಿದ್ದಾರೆಂದು ಅವನು ತಿಳಿದಿದ್ದ. ಕೇಳಬಾರದೆಂಬ ನಿಯಮವನ್ನು ಇಬ್ಬರೂ ಎಷ್ಟು ಚೆನ್ನಾಗಿ ಪಾಲಿಸಿದ್ದರು! ಹೇಳದೆ ಬೇರೆ ದಾರಿಯಿರಲಿಲ್ಲ, ಹೇಳಿದೆ.

ಅವಳು ಸೆರಗಿನ ಅಂಚನ್ನು ಮಡಿಸಿದಳು.

"ಹಂಗಾದ್ರೆ ಅವರಾಗಿ ಬಂದಿದ್ದಲ್ಲ," ಎಂದಳು. "ನಾನು ಹಸಿ ಬಾಣಂತಿ ನೀಲಕ್ಕ. ಕೂಸು ಒಂದೇ ಸಮ ಅಳ್ತಿತ್ತು. ಇವರಿಗೆ ಎತ್ಕೊಳಕ್ಕೂ ಭಯ. ಬಾಗ್ಲು ತೆಗೆದ್ರೆ ಬೋರಲಿಂಗಣ್ಣ ನಿಂತವ್ರೆ. ಏನೂ ಮಾತಾಡ್ಲಿಲ್ಲ, ಬಾಯಲ್ಲೇ ಕುಕ್ಕರ್ ಸೀಟಿ ಹಾಕಿದ್ರು. ಕೂಸು ಗಪ್‌ಚಿಪ್. ದೇವರು ಹುಡುಕಿ ಕಳಿಸ್ದ ಅಂದ್ಕೊಂಡೆ. ನೋಡಿದ್ರೆ ಯಂತ್ರ ತಂದು ಎಸೆದಿದ್ದಾ?"

"ತಂದಿದ್ದು ಯಂತ್ರವೇ. ಆದರೆ ಸರಿಹೋಯ್ತಾ ಅಂತ ಪದ್ಮಾವತಮ್ಮ ಕೇಳಿದಾಗ ಸರಿಹೋಗಿದೆ ಅಂತ ಸುಳ್ಳು ಹೇಳಿದ್ದು ಅವನೇ."

"ಸುಳ್ಳು ಹೇಳಿದ್ರಾ?"

"ಬಸ್ಸಾರಿಗೋಸ್ಕರ ಅಂದ."

ಅವಳ ಮುಖ ಅಗಲವಾಯಿತು. ಕಣ್ಣನ್ನು ಸೆರಗಿನಿಂದ ಒತ್ತಿಕೊಂಡಳು. "ಉಪ್ಪು ಕಮ್ಮಿ ಇರೋ ಬಸ್ಸಾರಿಗೆ!"

"ನೀನೇ ಹೋಗಿ ಬಾ ಅಂತ ಕರೀಬಾರ್ದಾ?"

"ಬೇಡಕ್ಕ. ಕರೆದ್ರೆ ಅವರಿಗೆ ಬರ್ಲೇಬೇಕಾಗ್ತದೆ. ಮೊಕಕ್ಕೆ ಮೊಕ ಕೊಟ್ಟು ಒಲ್ಲೆ ಅನ್ನೋ ಜೀವ ಅಲ್ಲ ಅದು. ದಾಕ್ಷಿಣ್ಯಕ್ಕೆ ಬಂದು ಉಣ್ಣೋದು ಬ್ಯಾಡ." ಕುರ್ಚಿಯ ಕೈ ಹಿಡಿದು ಎದ್ದಳು. "ನಾಲ್ಕು ಅಂತಲೇ ಇರ್ಲಿ. ತುಂಬಿದ್ರೆ ತುಂಬ್ಲಿ, ಇಲ್ದಿದ್ರೆ ಇಲ್ಲ. ಜಾಗ ಇರ್ಲಿ."

ಹಾಗೇ ಮಾಡಿದೆ. ಎಣಿಕೆ ನಾಲ್ಕು, ಸ್ವರ ಮೂರು. ನಾಲ್ಕನೆಯ ಜಾಗ ಖಾಲಿ. ಬೋರಲಿಂಗಣ್ಣನ ಕಟ್ಟಿಗೆ ಅವನದೇ ಬಾಗಿಲನ್ನು ಹಿಂದಿರುಗಿಸಿದೆ.

ಸಂಜೆ ಹೊಸ ಡ್ರೈವರ್ ಮೊದಲ ಸಲ ನಡೆಯಿತು. ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮಂಜು ಎದ್ದಿತು. ಮನೆ ಮನೆಯಾಗಿ ಸ್ವರಗಳು ಹೋದವು. ಮುದ್ದಮ್ಮನ ಸ್ವರ ಹೋಗಿ ಎಷ್ಟೋ ಹೊತ್ತಿಗೆ ಅವಳು ಸೊಸೆಯನ್ನು ಬೈಯುವುದು ಕೇಳಿಸಿತು. ಸದ್ಯ, ಮನೆ ಸೇರಿದಳು. ಆಮೇಲೆ ಕರಿಯಣ್ಣನ ಸ್ವರ, ಚಿಕ್ಕತಾಯಮ್ಮನದು, ತುಂಗೆಯದು. ಅದಾದ ಮೇಲೆ ಸುತ್ತಿಗೆ ಮೇಲಕ್ಕೆದ್ದು, ಹೊಡೆಯಲು ಸ್ವರವಿಲ್ಲದೆ, ಹಾಗೆಯೇ ಇಳಿಯಿತು. ಅಷ್ಟು ಹೊತ್ತು ಊರಿನ ಮೇಲೆ ಏನೂ ಇರಲಿಲ್ಲ. ನಮ್ಮೂರಿನವರು ಹುಟ್ಟಿದಾಗಿನಿಂದ ಗಂಟೆ ಕೇಳಿದವರು. ಯಾರ ಹಿಂದೆ ಯಾರದು ಎಂದು ನಿದ್ದೆಯಲ್ಲೂ ಹೇಳುವವರು. ಆ ಖಾಲಿ ಯಾರ ಮನೆಯದೆಂದು ಎಲ್ಲರಿಗೂ ತಿಳಿಯಿತು. ಅದಾದ ಕೂಡಲೇ ಬೋರಲಿಂಗಣ್ಣನ ಸ್ವರ ಹೊಡೆಯಿತು, ಬೇರೆ ಮನೆಯದಾಗಿ, ಒಂಟಿಯಾಗಿ.

ಬೆಳಗ್ಗೆ ಗಂಟೆಮನೆಯ ಬಾಗಿಲು ತೆಗೆದರೆ ಅವನು ಮೆಟ್ಟಿಲ ಮೇಲೆ ಕೂತಿದ್ದ. ತಲೆಗೆ ನೀರು ಹಾಕಿಕೊಂಡು, ಒಗೆದ ಅಂಗಿ ತೊಟ್ಟಿದ್ದ.

"ಹಾದಿ ಸರಿಯಾಗಿತ್ತಾ ಬೋರಲಿಂಗಣ್ಣ?"

"ಸರಿಯಾಗಿತ್ತು. ನೇರ ಮನೆಗೇ ಬಿಡ್ತು, ನಿನ್ ಕೆಲಸಕ್ಕೆ ಹೆಸರಿಡಂಗಿಲ್ಲ. ಬೀಗ ತೆಗೆದೆ. ಅನ್ನ ಬೇಯಿಸ್ದೆ. ಉಂಡೆ." ಅಂಗಿಯ ತೋಳು ಮಡಿಸಿದ. "ಆ ಮಗು ಸ್ವರ ಆದ್ಮೇಲೆ ಯಾಕವ್ವ ಒಂದು ಖಾಲಿ ಬಿಟ್ಟೆ?"

"ನಾನು ಬಿಟ್ಟಿದ್ದಲ್ಲ. ಚಿಕ್ಕತಾಯಿ ಬಿಡಿಸಿದ್ದು. ನಮ್ಮನೆಗೆ ನಾಲ್ಕು ಜನ ಅಂತ ಬಂದು ಹೇಳಿದ್ಲು."

"ಹೊಟ್ಟೇಲಿರೋ ಕೂಸನ್ನ ಸೇರಿಸಿರ್ಬೇಕು."

"ನಾನೂ ಹಂಗೇ ಅಂದೆ. ಅಲ್ಲ ಅಂತ ನನಗೇ ಬೈದ್ಲು. ನೀನು ನಿನ್ನ ಇಷ್ಟದಿಂದ ಬರ್ತಿದೀಯ ಅಂತಲೇ ಅವಳು ತಿಳ್ಕೊಂಡಿದ್ದು, ಮೊದಲಿನಿಂದ."

ಬೋರಲಿಂಗಣ್ಣ ಮೆಟ್ಟಿಲಿಂದ ಎದ್ದ. ಒಳಗೆ ಬಂದು ಯಂತ್ರದ ಮುಂದೆ ಪರೀಕ್ಷೆಗೆ ನಿಂತವನ ಹಾಗೆ ನಿಂತ.

"ಹಂಗಾದ್ರೆ ನಾಲ್ಕು ಸಾಲದು ನೀಲವ್ವ. ಐದು ಮಾಡು. ನಾಳೆ ಆ ಕೂಸು ಬಂದು ಇನ್ಯಾರ ಬಾಗ್ಲ ಮೇಲೆ ಕೂತ್ಕೊಂಡ್ರೆ?"

"ಇನ್ಮೇಲೆ ಹಂಗೆ ಕೂರೋಕಾಗಲ್ಲ. ಕೂರೋಕೆ ಹೋದರೆ ಡ್ರೈವರ್ ಬೊಬ್ಬೆ ಹೊಡೀತದೆ."

"ಹೊಡೀಲಿ. ನಮ್ ಕೂಸು ಬಂದ ದಿನವೇ ಊರ ಮುಂದೆ ಬೈಸ್ಕೊಳ್ಳೋದು ಯಾಕೆ? ಐದು ಮಾಡು."

ಮೊದಲು ಎಣಿಕೆಯನ್ನು ಐದಕ್ಕೇರಿಸಿದೆ. ಆಮೇಲೆ ಅವನು ಕಣ್ಣು ಮುಚ್ಚಿ ತನ್ನ ಸ್ವರವನ್ನು ಗುನುಗಿದ. ಬಾಗಿಲು ಯಾವುದೆಂದು ಕೇಳಿದೆ, ಕೇಳಲೇಬೇಕು. ಅವನು ಹೇಳಿದ, ಮೆಲ್ಲಗೆ, ಆದರೆ ಬಾಯಿಬಿಟ್ಟು. ತುಂಗೆಯ ಪಕ್ಕದ ಜಾಗ ತುಂಬಿತು.

ಹೊರಟವನು ಹೊಸ್ತಿಲ ಹತ್ತಿರ ನಿಂತ. "ಇದು ಈಗ ತಪ್ಪಿನ ಊಟ ಅಲ್ಲ ತಾನೆ?"

"ಅಲ್ಲ."

"ಹಂಗಾದ್ರೆ ಬರಿಗೈಲಿ ಹೋಗಂಗಿಲ್ಲ." ಯೋಚನೆಗೆ ಬಿದ್ದ. "ನೆಂಟನಾದ್ರೆ ಹಣ್ಣು, ಹೂವು ಅಂತ ಏನಾದ್ರೂ ಒಯ್ಯಬೋದು. ಮನೆಯೋನು ಏನ್ ತಗೊಂಡು ಹೋಗ್ತಾನೆ ನೀಲವ್ವ?"

"ಮನೇಲಿ ಏನು ಮುಗಿದಿದೆಯೋ ಅದನ್ನ."

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಹುಣಸೇಹಣ್ಣು," ಎಂದ. "ಸಾಸಿವೆನೂ ತಳ ಕಂಡೈತೆ." ಅಷ್ಟು ಹೇಳಿ, ಇನ್ನೂ ಬಾಗಿಲು ತೆಗೆಯದ ದಿನಸಿ ಅಂಗಡಿಯ ಕಡೆಗೆ ಸರಸರ ನಡೆದ.